ದೂರದ ವಿದ್ಯೆ ಮತ್ತು ಪ್ರಶ್ನೆಯ ಹಕ್ಕು

ಕಪಿಲಾ ನದಿಯ ದಡದಲ್ಲಿರುವ ನಂಜನಗೂಡಿನ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಶ್ರೀಕಂಠೇಶ್ವರನ ದೇವಾಲಯ, ರಸಬಾಳೆ ಮತ್ತು ಹಲ್ಲುಪುಡಿ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಈ ಊರು ಬೇರೊಂದು ಕಾರಣಕ್ಕಾಗಿ ನಾಡಿನ ಬಾಯಿಗೆ ಬಿತ್ತು. ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಕೊರೋನಾ ಸೋಂಕು ಒಬ್ಬರಿಂದೊಬ್ಬರಿಗೆ ಹರಡಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕಾಲೇಜುಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಪಾಠ ನಿಲ್ಲಬಾರದೆಂಬ ಸೂಚನೆ ಮೇಲಿನಿಂದ ಬಂದ ಮೇಲೆ, ನಂಜನಗೂಡು ಮತ್ತು ನೆರೆಯ ಟಿ. ನರಸೀಪುರ ತಾಲ್ಲೂಕುಗಳ ಪದವಿ ತರಗತಿಗಳು ಕೆಲವೇ ವಾರಗಳಲ್ಲಿ ಮೊಬೈಲ್ ಫೋನಿನ ಪರದೆಗೆ ವರ್ಗವಾದವು.

ಆ ತಿಂಗಳುಗಳಲ್ಲಿ ನಡೆದುದನ್ನು ಬಹುಮಂದಿ ಬೇಗನೆ ಮರೆತರು. ಮರೆಯಬಾರದ ಸಂಗತಿಗಳು ಅದರಲ್ಲಿದ್ದವು. ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು. ಅದೂ ದುಡಿಯಲು ಹೋಗುವ ತಂದೆಯ ಜೇಬಿನಲ್ಲಿ. ಅಣ್ಣನಿಗೂ ತಂಗಿಗೂ ಒಂದೇ ಹೊತ್ತಿಗೆ ತರಗತಿಯಿದ್ದರೆ ಆ ಫೋನು ಯಾರ ಕೈ ಸೇರುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡೀಪುರದ ಕಾಡಂಚಿನಲ್ಲಿರುವ ಹೆಡಿಯಾಲದ ಕಡೆಯ ಹಳ್ಳಿಗಳವರಿಗೆ ಸಿಗ್ನಲ್ ಎಂಬುದು ಮುಂಗಾರು ಪೂರ್ವದ ಮಳೆಯಂತೆ, ಬಂದರೆ ಬಂತು. ಇವೆಲ್ಲ ಎಲ್ಲರ ಕಣ್ಣಿಗೂ ಕಂಡ ಕೊರತೆಗಳು. ಇವಕ್ಕಿಂತ ಸೂಕ್ಷ್ಮವಾದ ಕೊರತೆ ಇನ್ನೊಂದಿತ್ತು. ಪಾಠ ಮುಗಿಸಿದ ಅಧ್ಯಾಪಕರು "ಅರ್ಥವಾಯಿತೆ?" ಎಂದು ಕೇಳಿದರೆ, ಪರದೆಯ ಮೇಲೆ ಸಾಲಾಗಿ ನಿಂತ ಹೆಸರುಗಳಿಂದ ಉತ್ತರವಾಗಿ ಬರುತ್ತಿದ್ದುದು ಮೌನ. ತರಗತಿಯಲ್ಲಾಗಿದ್ದರೆ ಮೂರನೆಯ ಬೆಂಚಿನಲ್ಲಿ ಹುಬ್ಬು ಗಂಟಿಕ್ಕಿಕೊಂಡ ಮುಖವೊಂದು ಕಾಣುತ್ತಿತ್ತು; ಅಧ್ಯಾಪಕರು ಹೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಿದ್ದರು. ಇಲ್ಲಿ ಮೌನಕ್ಕೆ ಮುಖವಿರಲಿಲ್ಲ. ತಿಳಿದವರ ಮೌನ ಯಾವುದು, ತಿಳಿಯದವರ ಮೌನ ಯಾವುದು, ಫೋನನ್ನು ಕಿಟಕಿಯ ಮೇಲಿಟ್ಟು ದನಕ್ಕೆ ನೀರು ಕುಡಿಸಲು ಹೋದವರ ಮೌನ ಯಾವುದು ಎಂದು ಗುರುತಿಸುವ ಉಪಾಯ ಅವರಲ್ಲಿರಲಿಲ್ಲ.

ಏಷ್ಯಾದ ಉನ್ನತ ಶಿಕ್ಷಣವನ್ನು ತಂತ್ರಜ್ಞಾನವೂ ಜಾಗತೀಕರಣವೂ ಬದಲಿಸುತ್ತಿವೆಯೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಎಷ್ಟು ವಿಶ್ವವಿದ್ಯಾನಿಲಯಗಳು, ಎಷ್ಟು ಪಾಠಗಳು, ಎಷ್ಟು ಲಕ್ಷ ನೋಂದಣಿಗಳು ಎಂಬ ಲೆಕ್ಕದಲ್ಲೇ ಆ ಚರ್ಚೆ ಮುಗಿದುಬಿಡುತ್ತದೆ. ಆದರೆ ನಂಜನಗೂಡಿನ ಆ ಮೌನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬೇರೊಂದು ಪ್ರಶ್ನೆ ಏಳುತ್ತದೆ. ವಿದ್ಯೆ ಕೊಡುವವನು ಪಡೆಯುವವನನ್ನು ಕಾಣದೆ ಹೋದಾಗ, ಕೊಡುವವನ ಹೊಣೆ ಎಲ್ಲಿಗೆ ನಿಲ್ಲುತ್ತದೆ?

ಜೈನ ಪರಂಪರೆ ಸ್ವಾಧ್ಯಾಯವನ್ನು ಅಂತರಂಗದ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅದರ ಐದು ಬಗೆಗಳನ್ನು ಹೇಳುವಾಗ ವಾಚನೆಯನ್ನು ಮೊದಲಿಗೂ ಪೃಚ್ಛನೆಯನ್ನು, ಎಂದರೆ ಸಂಶಯ ನಿವಾರಣೆಗಾಗಿ ಪ್ರಶ್ನೆ ಕೇಳುವುದನ್ನು, ಅದರ ಬೆನ್ನಿಗೂ ಇಟ್ಟಿದ್ದಾರೆ. ಮನನ, ಪಠಣ, ಉಪದೇಶಗಳು ಬರುವುದು ಆಮೇಲೆ. ಈ ಕ್ರಮ ವಿಚಾರಾರ್ಹವಾದುದು. ಓದಿದ್ದನ್ನು ಮನಸ್ಸಿನಲ್ಲಿ ತಿರುವಿಹಾಕುವುದಕ್ಕೂ ಮೊದಲು ಕೇಳಬೇಕು. ಕೇಳಬೇಕಾದರೆ ಉತ್ತರ ಹೇಳಲು ಕಟ್ಟುಬಿದ್ದವನೊಬ್ಬ ಎದುರಿಗಿರಬೇಕು. ಗ್ರಂಥ ತಾನಾಗಿಯೇ ಆ ಕೆಲಸವನ್ನು ಮಾಡಲಾರದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಓಲೆಗಟ್ಟುಗಳೆಂದರೆ ಅಂದಿನ ತಂತ್ರಜ್ಞಾನದ ಪರಾಕಾಷ್ಠೆ ಎನ್ನಬೇಕು. ಆ ಓಲೆಗಟ್ಟು ಸೇರಿದೆಡೆಯಲ್ಲಿ ಅದನ್ನು ಓದಿ ಅರ್ಥ ಹೇಳುವವರೂ, ನಡುವೆ ತಡೆದು ಕೇಳುವವರೂ ಇದ್ದಾಗಲೇ ಶಾಸ್ತ್ರದಾನ ಪೂರ್ಣವಾಗುತ್ತಿತ್ತು. ಪ್ರತಿ ಮಾಡುವ ಶಕ್ತಿ ಇಂದು ಕೋಟಿಪಾಲು ಬೆಳೆದಿದೆ. ಕೇಳಿದ ಪ್ರಶ್ನೆಗೆ ನಿಂತು ಉತ್ತರ ಕೊಡುವವರ ಸಂಖ್ಯೆ ಆ ಪ್ರಮಾಣದಲ್ಲಿ ಬೆಳೆದಿದೆಯೆ?

ದೂರದಿಂದ ಕಲಿಯುವುದು ಮೈಸೂರು ಸೀಮೆಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. ನಂಜನಗೂಡಿಗೂ ಅದಕ್ಕೂ ನಡುವೆ ಇರುವುದು ಸುಮಾರು 25 ಕಿಲೋಮೀಟರ್, ಟಿ. ನರಸೀಪುರದಿಂದ ಸುಮಾರು 30. ನಂಜನಗೂಡಿಗೆ ರೈಲಾದರೂ ಇದೆ. ಕಾವೇರಿ ಕಪಿಲೆಯರು ಕೂಡುವ ಟಿ. ನರಸೀಪುರಕ್ಕೆ ಇಂದಿಗೂ ರೈಲಿಲ್ಲ. ನಕ್ಷೆಯಲ್ಲಿ ಬೆರಳಗಲವಿಲ್ಲದ ಈ ದೂರ ಎಷ್ಟೋ ಮಂದಿಯ ಓದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿತು. ಅಂಥವರಿಗಾಗಿ ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಪಾಠಗಳು ಅಚ್ಚಾಗಿ ಅಂಚೆಯಣ್ಣನ ಚೀಲದಲ್ಲಿ ಬರುತ್ತಿದ್ದವು. ಪ್ರಾಥಮಿಕ ಶಾಲೆಯ ಮೇಷ್ಟ್ರು, ತಾಲ್ಲೂಕು ಕಚೇರಿಯ ಗುಮಾಸ್ತ, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಗಳು, ಇಂಥವರು ರಾತ್ರಿಯ ಹೊತ್ತು ಅವನ್ನು ಓದಿ ಬಿ.ಎ., ಎಂ.ಎ. ಮಾಡಿಕೊಂಡರು. ಆ ವ್ಯವಸ್ಥೆಯಲ್ಲಿ ಪೃಚ್ಛನೆಗೂ ಒಂದು ಎಡೆಯಿತ್ತು. ರಜೆಯ ದಿನಗಳಲ್ಲಿ ಮೈಸೂರಿನಲ್ಲಿ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ವರ್ಷದಲ್ಲಿ ಕೆಲವೇ ದಿನಗಳಾದರೂ, ಪಾಠ ಬರೆದವರ ಮುಖವನ್ನು ಓದಿದವರು ಕಾಣುತ್ತಿದ್ದರು. ಕೈಯಲ್ಲಿ ಗೆರೆ ಎಳೆದ ಪುಟಗಳನ್ನು ಹಿಡಿದು ಬಂದು ಕೇಳುತ್ತಿದ್ದರು.

ಏಷ್ಯಾದ ಉಳಿದೆಡೆಗಳಲ್ಲೂ ಅದೇ ಕಾಲದಲ್ಲಿ ಇದೇ ಹಂಬಲ ಕೆಲಸ ಮಾಡಿತು. ದಕ್ಷಿಣ ಕೊರಿಯಾದಲ್ಲಿ 1972ರಲ್ಲಿ, ಪಾಕಿಸ್ತಾನದಲ್ಲಿ 1974ರಲ್ಲಿ, ಥಾಯ್ಲೆಂಡಿನಲ್ಲಿ 1978ರಲ್ಲಿ, ಇಂಡೋನೇಷ್ಯಾದಲ್ಲಿ 1984ರಲ್ಲಿ ಮುಕ್ತ ವಿಶ್ವವಿದ್ಯಾನಿಲಯಗಳು ತೆರೆದುಕೊಂಡವು. ಚೀನಾ 1979ರಲ್ಲಿ ರೇಡಿಯೋ ಮತ್ತು ದೂರದರ್ಶನದ ವಿಶ್ವವಿದ್ಯಾನಿಲಯವನ್ನೇ ಕಟ್ಟಿತು. ಭಾರತದಲ್ಲಿ 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಬಂತು. ಕಟ್ಟಡ ಕಟ್ಟಲು ಹಣವಿಲ್ಲದ, ಓದಲು ಬಯಸುವ ಯುವಜನರು ಕಿಕ್ಕಿರಿದ ದೇಶಗಳಿಗೆ ಇದೊಂದು ಉದಾರವಾದ ಉಪಾಯವೇ ಆಗಿತ್ತು. ಆ ಔದಾರ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ ಅಂಚೆ ತೆರಪಿನ ಸಂಸ್ಥೆಯ ಬುಡದಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಚಿಗುರಿತು. 1992ರ ಕಾಯಿದೆಯ ಮೇರೆಗೆ ಅದು 1996ರ ಜೂನ್ 1ರಂದು ಅಸ್ತಿತ್ವಕ್ಕೆ ಬಂತು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಈ ಸಂಸ್ಥೆ ನಂಜನಗೂಡು, ಟಿ. ನರಸೀಪುರಗಳ ಜನರಿಗೆ ಮನೆಬಾಗಿಲಿನ ವಿಶ್ವವಿದ್ಯಾನಿಲಯವೆಂದೇ ಹೇಳಬೇಕು. ಆದರೆ ಜಾಗತೀಕರಣದ ಗಾಳಿ ಬೀಸಿದ ಆ ದಶಕಗಳಲ್ಲಿ ಮನೆಬಾಗಿಲು ಸಾಲದೆಂಬ ಭಾವನೆ ಬಲಿಯಿತು. ಖಾಸಗಿ ಸಂಸ್ಥೆಗಳೊಡನೆ ಶೈಕ್ಷಣಿಕ ಸಹಯೋಗದ ಒಪ್ಪಂದಗಳಾದವು. ರಾಜ್ಯದ ಎಲ್ಲೆ ದಾಟಿ, ದೇಶದ ಎಲ್ಲೆಯನ್ನೂ ದಾಟಿ ಅಧ್ಯಯನ ಕೇಂದ್ರಗಳು ತೆರೆದವು. ಮೈಸೂರಿನ ಮುದ್ರೆಯುಳ್ಳ ಪದವಿ, ಮೈಸೂರನ್ನು ಎಂದೂ ಕಾಣದವರಿಗೆ, ಮೈಸೂರಿನವರು ಎಂದೂ ಕಾಣದ ಅಂಗಡಿಗಳಲ್ಲಿ ದೊರೆಯತೊಡಗಿತು. ತನ್ನ ಪ್ರಾದೇಶಿಕ ವ್ಯಾಪ್ತಿಯನ್ನು ಮೀರಿದೆ, ಅಧ್ಯಯನ ಕೇಂದ್ರಗಳನ್ನು ಗುತ್ತಿಗೆಗೆ ಕೊಟ್ಟಂತೆ ಕೊಟ್ಟಿದೆ, ಅನುಮತಿಯಿಲ್ಲದೆ ತಾಂತ್ರಿಕ ಕೋರ್ಸುಗಳನ್ನು ನಡೆಸಿದೆ ಎಂಬ ಆಕ್ಷೇಪಗಳನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಎತ್ತಿತು. 2015ರ ಜೂನ್‌ನಲ್ಲಿ ಆಯೋಗದ ಸಾರ್ವಜನಿಕ ಪ್ರಕಟಣೆ ಹೊರಬಿತ್ತು: 2012–13ರ ಅನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲ.

ಆ ಹೊತ್ತಿಗೆ ಎರಡು ವರ್ಷಗಳ ಪ್ರವೇಶಗಳು ಮುಗಿದೇ ಹೋಗಿದ್ದವು. ಹೊರರಾಜ್ಯದ ಯಾವುದೋ ಕೇಂದ್ರದಲ್ಲಿ ಹಣ ತೆತ್ತವರೊಡನೆ, ಇಲ್ಲೇ ಪಕ್ಕದ ತಾಲ್ಲೂಕಿನಿಂದ ಬಂದು ನಿಯಮಾನುಸಾರ ಶುಲ್ಕ ಕಟ್ಟಿ, ಸಂಪರ್ಕ ತರಗತಿಗೆ ಕುಳಿತು, ಪರೀಕ್ಷೆ ಬರೆದವರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ಮುಂದಿನ ಓದಿಗೆ, ನೇಮಕಾತಿಗೆ, ಬಡ್ತಿಗೆ ಆ ಅಂಕಪಟ್ಟಿಯನ್ನು ಹಿಡಿದು ಹೋದವರಿಗೆ "ಇದು ನಡೆಯುವುದೊ ಇಲ್ಲವೊ" ಎಂಬ ಅನುಮಾನ ಎದುರಾಯಿತು. ಕೇಳಲು ಹೋದರೆ, ಕೇಂದ್ರದವರು ವಿಶ್ವವಿದ್ಯಾನಿಲಯದ ಕಡೆಗೂ, ವಿಶ್ವವಿದ್ಯಾನಿಲಯ ಆಯೋಗದ ಕಡೆಗೂ, ಆಯೋಗ ನಿಯಮದ ಪುಸ್ತಕದ ಕಡೆಗೂ ಬೆರಳು ತೋರಿಸುವಂಥ ಸ್ಥಿತಿ. ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. 2018ರ ಆಗಸ್ಟ್‌ನಲ್ಲಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2018–19ರ ಸಾಲಿನಿಂದ ಮಾನ್ಯತೆ ಮರಳಿತು. ಸಂಸ್ಥೆ ಮತ್ತೆ ತಲೆಯೆತ್ತಿತು. ಸಂಸ್ಥೆಗಳು ತಲೆಯೆತ್ತಲು ಮೂರು ವರ್ಷ ದೀರ್ಘಕಾಲವೇನಲ್ಲ. ಇಪ್ಪತ್ತೆರಡು ವರ್ಷದವನೊಬ್ಬನ ಆಯುಸ್ಸಿನಲ್ಲಿ ಆ ಮೂರು ವರ್ಷಗಳು ಬೇರೆಯೇ ತೂಕವುಳ್ಳವು. ನೇಮಕಾತಿಯ ವಯೋಮಿತಿ ಯಾರಿಗಾಗಿಯೂ ಕಾಯುವುದಿಲ್ಲ.

ಇಲ್ಲಿ ಒಂದು ವಾದವನ್ನು ಗೌರವದಿಂದಲೇ ಕೇಳಬೇಕು. ಪದವಿ ಪಡೆಯುವವನು ತಿಳಿದೇ ಪಡೆಯುತ್ತಾನೆ, ಮಾನ್ಯತೆಯಿದೆಯೇ ಎಂದು ವಿಚಾರಿಸುವುದು ಅವನ ಕರ್ತವ್ಯವಲ್ಲವೆ ಎನ್ನುವರು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನಿಗೆ ಈ ಮಾತು ಸಲ್ಲುತ್ತದೆ. ಅವನು ಹುಳುಕನ್ನು ಕಣ್ಣಾರೆ ನೋಡಬಲ್ಲ. ವಿದ್ಯೆಯ ಸಂಗತಿ ಹಾಗಲ್ಲ. ತಾನು ಇನ್ನೂ ಕಲಿಯದುದರ ಗುಣವನ್ನು ಕಲಿಯಬಂದವನು ಅಳೆಯುವುದು ಹೇಗೆ? ಅಳತೆಗೋಲನ್ನು ಪಡೆಯಲೆಂದೇ ಅವನು ಬಂದಿದ್ದಾನೆ. ಆದ್ದರಿಂದಲೇ ಕೊಡುವವನ ಮೇಲೆ ಹೊಣೆ ಇಮ್ಮಡಿಯಾಗಿ ಬೀಳುತ್ತದೆ. ಶ್ರಾವಕಾಚಾರವು ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಅಸಲಿಯೊಡನೆ ನಕಲಿಯನ್ನು ಬೆರೆಸಿ ಮಾರುವುದನ್ನೂ ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ವ್ಯಾಪಾರವನ್ನೇ ವೃತ್ತಿಯಾಗಿ ಹಿಡಿದ ಮನೆತನಗಳಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಪದವಿ ಪತ್ರವೂ ಒಂದು ತೂಕದ ಕಲ್ಲು. ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದ ಯುವಕನೊಬ್ಬನನ್ನು ಲೋಕ ತೂಗುವುದು ಆ ಕಲ್ಲಿನಿಂದ. ಅದರ ಮೇಲೆ ಕೊರೆದ ಅಂಕಿಗೂ ಅದರ ಭಾರಕ್ಕೂ ಹೊಂದಿಕೆಯಿಲ್ಲವಾದರೆ, ಮೋಸಹೋಗುವವರು ಇಬ್ಬರು, ಹಿಡಿದು ಹೋದವನು ಮತ್ತು ನಂಬಿ ತೂಗಿದವನು. ಹೆಚ್ಚು ಕಲ್ಲುಗಳನ್ನು ಹಂಚಿದ್ದೇನೆಂಬುದು ಆಗ ಸಮರ್ಥನೆಯಾಗಲಾರದು.

ಜಾಗತೀಕರಣವೆಂದರೆ ಹೊರಗಿನವರು ಒಳಗೆ ಬರುವುದು ಮಾತ್ರವೆಂದು ತಿಳಿಯುವುದೂ ತಪ್ಪು. ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲೆಯ ದಡದ ಒಂದು ಗ್ರಾಮ. ಅಲ್ಲಿನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಅನ್ನ ಮತ್ತು ವಸತಿಗಳನ್ನು ಒದಗಿಸುವುದರಿಂದ ಆರಂಭಿಸಿ, 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಇಂದು ಅದರ ವಿದ್ಯಾಸಂಸ್ಥೆಗಳು ಮಾರಿಷಸ್ ಮತ್ತು ದುಬೈಗಳಲ್ಲೂ ಇವೆ. ಊಟದ ಎಲೆಯಿಂದ ಹೊರಟ ವಿದ್ಯಾದಾನ ಸಮುದ್ರ ದಾಟಿದೆ. ಹೀಗೆ ಹೊರಹೋಗುವ ಪ್ರತಿಯೊಂದು ಸಂಸ್ಥೆಯೂ, ಅದು ಯಾರದೇ ಆಗಿರಲಿ, ಎದುರಿಸಬೇಕಾದ ಪ್ರಶ್ನೆ ಒಂದೇ. ಹುಟ್ಟಿದ ಊರಿನ ವಿದ್ಯಾರ್ಥಿಗೆ ಕೊಡುವ ಉತ್ತರವನ್ನೇ ದೂರದ ಊರಿನವನಿಗೂ ಕೊಡುವೆವೆ?

ಈ ಪ್ರಶ್ನೆಗೆ ದೊಡ್ಡ ಹೆಸರುಗಳೂ ಎಡವಿದುದುಂಟು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ಮಲೇಷ್ಯಾದಲ್ಲಿ 2000ದಲ್ಲಿಯೂ ಚೀನಾದ ನಿಂಗ್‌ಬೋದಲ್ಲಿ 2004ರಲ್ಲಿಯೂ ಶಾಖೆ ತೆರೆದ ಮೇಲೆ, ಏಷ್ಯಾದ ನಗರಗಳು ಪಶ್ಚಿಮದ ವಿಶ್ವವಿದ್ಯಾನಿಲಯಗಳನ್ನು ಪೈಪೋಟಿಯಿಂದ ಆಹ್ವಾನಿಸತೊಡಗಿದವು. ಸಿಂಗಪುರದಲ್ಲಿ ಅಮೆರಿಕದ ಯೇಲ್ ಮತ್ತು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಕೂಡಿ 2011ರಲ್ಲಿ ಒಂದು ಕಾಲೇಜನ್ನು ಘೋಷಿಸಿದವು. ಪೂರ್ವ ಪಶ್ಚಿಮಗಳ ಗ್ರಂಥಗಳನ್ನು ಒಂದೇ ಮೇಜಿನ ಮೇಲಿಟ್ಟು, ಚಿಕ್ಕ ಚಿಕ್ಕ ತರಗತಿಗಳಲ್ಲಿ ಚರ್ಚಿಸುತ್ತ ಕಲಿಯಬೇಕೆಂಬುದು ಅದರ ಆದರ್ಶ; ಪೃಚ್ಛನೆಯೇ ಅದರ ಉಸಿರು ಎನ್ನಬಹುದಿತ್ತು. 2021ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಪ್ರಶ್ನಿಸುವುದನ್ನು ಕಲಿಸುತ್ತಿದ್ದ ವಿದ್ಯಾರ್ಥಿಗಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸೇರಿದ್ದವರೆಲ್ಲರಿಗೂ ಪದವಿ ಮುಗಿಸಿಕೊಟ್ಟು, 2025ರಲ್ಲಿ ಕೊನೆಯ ತಂಡ ಹೊರಬಂದ ಮೇಲೆಯೇ ಬಾಗಿಲು ಹಾಕಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೈಸೂರಿನ ಪ್ರಸಂಗದಲ್ಲಿ ಸಿಗದೆ ಹೋದುದು ಇಷ್ಟೇ ತಾನೆ!

ಇನ್ನು ಭಾಷೆಯ ಮಾತು. ಟಿ. ನರಸೀಪುರ ತಾಲ್ಲೂಕಿನ ತಲಕಾಡು ಇಂದು ಮರಳಿನ ದಿಬ್ಬಗಳಿಗೆ ಪ್ರಸಿದ್ಧ. ಒಂದು ಕಾಲಕ್ಕೆ ಅದು ಗಂಗರ ರಾಜಧಾನಿ. ಆ ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ, ಜಿನಸೇನ ಗುಣಭದ್ರರು ಸಂಸ್ಕೃತದಲ್ಲಿ ರಚಿಸಿದ್ದ ಮಹಾಪುರಾಣದ ವಸ್ತುವನ್ನು 978ರಲ್ಲಿ ಕನ್ನಡ ಗದ್ಯದಲ್ಲಿ ಬರೆದ. ಸಂಸ್ಕೃತದಲ್ಲಿ ಚಾರಿತ್ರಸಾರವನ್ನು ರಚಿಸಿದವನೆಂದು ಹೆಸರಾದವನಿಗೆ ಕನ್ನಡದಲ್ಲಿ, ಅದೂ ಗದ್ಯದಲ್ಲಿ ಬರೆಯಬೇಕಾದ ಅಗತ್ಯ ಪಾಂಡಿತ್ಯದ ದೃಷ್ಟಿಯಿಂದ ಇರಲಿಲ್ಲ. ಅವನದೇ ಪ್ರಶ್ನೆಯ ನೆಪದಿಂದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ಗುರುವನ್ನು ಕೇಳಿ ತಿಳಿದವನು, ತನ್ನನ್ನು ಕೇಳಬಹುದಾದವರ ನುಡಿಯಲ್ಲಿ ಬರೆದ. ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಲು ಬಾಯಿ ಬರುತ್ತದೆಯೋ ಆ ಭಾಷೆಯಲ್ಲಿ ಮಾತ್ರ ವಿದ್ಯೆ ನಿಜವಾಗಿ ತಲುಪುತ್ತದೆಯೆಂಬ ತಿಳಿವು ಅಲ್ಲಿತ್ತು.

ಇಂದು ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು, 2017ರಲ್ಲಿ ಕೇಂದ್ರ ಸರ್ಕಾರ ತೆರೆದ 'ಸ್ವಯಂ' ಜಾಲತಾಣದ ಪಾಠಗಳು ನಂಜನಗೂಡಿನ ಹುಡುಗನ ಅಂಗೈಯಲ್ಲಿವೆ, ಅದೂ ಕಾಸಿಲ್ಲದೆ. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರಷ್ಟನ್ನು ಸ್ವಯಂನಿಂದಲೇ ಪಡೆಯಲು ಕಾಲೇಜುಗಳು ಅವಕಾಶ ಕೊಡಬಹುದು. ದೇಶದ ಅತ್ಯುತ್ತಮ ಆಚಾರ್ಯರ ಪಾಠವನ್ನು ಹಳ್ಳಿಯ ಜಗಲಿಯಲ್ಲಿ ಕೂತು ಕೇಳುವುದು ಸಾಮಾನ್ಯ ಸಂಗತಿಯಲ್ಲ. ಅತ್ತಿಮಬ್ಬೆಯ ಹಂಬಲವೇ ಮೈದಳೆದಂತೆ ಇದೆ. ಆದರೆ ಆ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡದ ಅನುವಾದಗಳೂ ಅಡಿಬರಹಗಳೂ ಈಚೆಗೆ ಬರುತ್ತಿವೆ, ನಿಜ. ಹೇಳಿದ್ದು ಕನ್ನಡದಲ್ಲಿ ಕೇಳಿಸಿದರೂ, ಕೇಳಬೇಕಾದ ಪ್ರಶ್ನೆಯನ್ನು ಬರೆಯಬೇಕಾದುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅಲ್ಲಿಗೆ ಕೈ ನಿಲ್ಲುತ್ತದೆ. ತಪ್ಪಾದೀತೆಂಬ ಸಂಕೋಚದಿಂದ ಅಳಿಸಿಹಾಕಿದ ಪ್ರಶ್ನೆಗಳನ್ನು ಯಾವ ಅಂಕಿ ಅಂಶವೂ ಲೆಕ್ಕ ಹಾಕುವುದಿಲ್ಲ.

ಹಾಗೆಂದು ಹಳೆಯ ಗುರುಕುಲವನ್ನು ಹೊಗಳಿ ಹೊಸದನ್ನು ಹಳಿಯುವುದು ಸುಲಭವಾದ ದಾರಿ, ಸತ್ಯವಾದ ದಾರಿಯಲ್ಲ. ಆ ಹಳೆಯ ಮನೆಯ ಹೊಸ್ತಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳೂ, ಕೆಳಗೆಂದು ತಳ್ಳಲ್ಪಟ್ಟ ಜಾತಿಗಳ ಮಕ್ಕಳೂ ಪ್ರಶ್ನೆ ಕೇಳುವುದಿರಲಿ, ಒಳಗೆ ಕಾಲಿಡುವಂತಿರಲಿಲ್ಲ. ಪರದೆ ಯಾರ ಕುಲವನ್ನೂ ವಿಚಾರಿಸುವುದಿಲ್ಲ. ತುಂಬಿದ ತರಗತಿಯಲ್ಲಿ ಗಂಡುಹುಡುಗರ ನಡುವೆ ಎದ್ದುನಿಂತು ಮಾತಾಡಲು ಅಂಜುವ ಹುಡುಗಿ, ಮನೆಯವರೆಲ್ಲ ಮಲಗಿದ ಮೇಲೆ ಎರಡು ಸಾಲಿನ ಪ್ರಶ್ನೆಯನ್ನು ಬೆರಳಲ್ಲಿ ಒತ್ತಿ ಕಳುಹಿಸಿದ್ದೂ ಉಂಟು. ಮೌನವನ್ನು ಹುಟ್ಟಿಸಿದ ಯಂತ್ರವೇ ಕೆಲವರ ಮೌನವನ್ನು ಮುರಿದಿದೆ. ಅನೇಕಾಂತದ ದೃಷ್ಟಿಗೆ ಇದು ಅಚ್ಚರಿಯಲ್ಲ. ಗುಣದೋಷಗಳು ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ, ಆ ಎರಡು ಸಾಲಿನ ಪ್ರಶ್ನೆ ಬಂದು ತಲುಪಿದ ಕಡೆಯಲ್ಲಿ ಯಾರಿದ್ದಾರೆಂಬುದರಲ್ಲಿವೆ.

2022ರ ನವೆಂಬರ್‌ನಿಂದ ಈಚೆಗೆ ಆ ಕಡೆಯಲ್ಲಿ ಮನುಷ್ಯನೇ ಇರಬೇಕಾಗಿಲ್ಲವೆಂಬ ಸ್ಥಿತಿಯೂ ಬಂದಿದೆ. ಕೇಳಿದ ಪ್ರಶ್ನೆಗೆ, ಕನ್ನಡದಲ್ಲಿ ಕೇಳಿದರೂ, ಬೇಸರಿಸದೆ ಉತ್ತರ ಬರೆಯುವ ಯಂತ್ರಗಳು ಬಂದಿವೆ. ಮನೆಯಲ್ಲಿ ಓದಿದವರಿಲ್ಲದ ಮಗುವಿಗೆ ಇದು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಯಂತ್ರ ವಿದ್ಯಾರ್ಥಿಯ ಪರವಾಗಿ ನಿಬಂಧವನ್ನೂ ಬರೆದುಕೊಡುತ್ತದೆ. ಕೆಲವೆಡೆ ಅದನ್ನು ತಿದ್ದಲೂ ಯಂತ್ರವೇ ನೆರವಾಗುತ್ತಿದೆ. ಹೀಗೆ ಒಂದು ಯಂತ್ರ ಬರೆದುದಕ್ಕೆ ಇನ್ನೊಂದು ಯಂತ್ರ ಅಂಕ ಕೊಡುವಾಗ, ನಡುವೆ ಇದ್ದ ಇಬ್ಬರು ಮನುಷ್ಯರು ಎಲ್ಲಿ ಹೋದರೆಂದು ಕೇಳಬೇಕಾಗುತ್ತದೆ. ಯಂತ್ರ ತಪ್ಪು ಹೇಳಿದರೆ ಅದು ತಲೆ ತಗ್ಗಿಸುವುದಿಲ್ಲ. ಮರುದಿನ ತರಗತಿಗೆ ಬಂದು "ನಿನ್ನೆ ಹೇಳಿದ್ದು ಸರಿಯಲ್ಲ" ಎನ್ನುವುದೂ ಇಲ್ಲ. ಹಾಗೆ ಹೇಳಿದ ಒಬ್ಬ ಅಧ್ಯಾಪಕರನ್ನಾದರೂ ಕಂಡ ವಿದ್ಯಾರ್ಥಿಗೆ ಸತ್ಯವೆಂದರೇನೆಂಬುದರ ಒಂದು ಪಾಠ ಪುಸ್ತಕವಿಲ್ಲದೆಯೇ ದೊರೆತಿರುತ್ತದೆ.

ಮೈಸೂರಿನ ಪ್ರಸಂಗದಿಂದ ದೇಶ ಏನನ್ನೂ ಕಲಿಯಲಿಲ್ಲವೆನ್ನಲಾಗದು. ವಿದೇಶಿ ವಿಶ್ವವಿದ್ಯಾನಿಲಯಗಳು ಭಾರತದಲ್ಲಿ ಶಾಖೆ ತೆರೆಯಲು ಅವಕಾಶ ಕೊಟ್ಟ 2023ರ ನವೆಂಬರ್‌ನ ನಿಯಮಾವಳಿಯಲ್ಲಿ ಆಯೋಗ ಒಂದು ಮಾತನ್ನು ಸೇರಿಸಿದೆ. ಅನುಮತಿಯಿಲ್ಲದೆ ಕೋರ್ಸನ್ನಾಗಲಿ ಶಾಖೆಯನ್ನಾಗಲಿ ಮುಚ್ಚುವಂತಿಲ್ಲ; ನಡುವೆ ನಿಂತುಹೋದರೆ ವಿದ್ಯಾರ್ಥಿಗಳಿಗೆ ಬದಲಿ ವ್ಯವಸ್ಥೆ ಮಾಡುವ ಹೊಣೆ ಮೂಲ ಸಂಸ್ಥೆಯದು. ಇಂಥ ಅನುಮತಿಯ ದಾ  ರಿಯಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರ ಮೇ ತಿಂಗಳಲ್ಲಿ ಒಪ್ಪಿಗೆಯ ಪತ್ರ ದೊರೆತಿದೆ. ಉತ್ತರ ಹೇಳಬೇಕಾದವರು ಯಾರೆಂಬುದನ್ನು ಕಾಗದದ ಮೇಲಾದರೂ ಹೀಗೆ ಗುರುತಿಸಿರುವುದು ಒಳ್ಳೆಯದು. ಆದರೆ ಅಂಥ ಶಾಖೆಯ ಮೆಟ್ಟಿಲು ಹತ್ತಬಲ್ಲವರು ಟಿ. ನರಸೀಪುರದಲ್ಲಿ ಎಷ್ಟು ಮಂದಿ?

ಅಲ್ಲಿನ ಹೆಚ್ಚಿನವರ ಪಾಲಿಗೆ ಉನ್ನತ ಶಿಕ್ಷಣವೆಂದರೆ ಇಂದಿಗೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಇಲ್ಲವೆ ಮೈಸೂರಿಗೆ ಬೆಳಗಿನ ಬಸ್ಸು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ದೂರವನ್ನು ಅಳಿಸಿದ ಸಾಧನಗಳನ್ನು ಎಣಿಸುವಾಗ ಫೋನಿನ ಜೊತೆಗೆ ಈ ಬಸ್ಸನ್ನೂ ಎಣಿಸುವುದು ನ್ಯಾಯ. ಸೋಸಲೆ, ಬನ್ನೂರು, ಮೂಗೂರುಗಳ ಕಡೆಯಿಂದ ಬರುವ ಹುಡುಗಿಯರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಪಾಠ ಕೇಳುತ್ತ ಹೋಗುವುದನ್ನು ಆ ಬಸ್ಸಿನಲ್ಲಿ ಕಾಣಬಹುದು. ಕೇಳಿದ್ದರಲ್ಲಿ ತಿಳಿಯದುದನ್ನು ಕಾಲೇಜಿನಲ್ಲಿ ಯಾರನ್ನಾದರೂ ಕೇಳಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು, ಸಾವಿರಾರು ಮಂದಿ, ವರ್ಷದಿಂದ ವರ್ಷಕ್ಕೆ ನೇಮಕವಾಗುವವರು. ಈ ಸೆಮಿಸ್ಟರಿನಲ್ಲಿ ಪ್ರಶ್ನೆ ಕೇಳಿಸಿಕೊಂಡವರು, "ನೋಡಿಕೊಂಡು ಬಂದು ಹೇಳುತ್ತೇನಮ್ಮ" ಎಂದವರು, ಮುಂದಿನ ವರ್ಷ ಆ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆ ಅವರಿಗೇ ಇಲ್ಲ.